ಲಾಂಡ್ರಿ ಡ್ರೈಯರಿನ ಗಾಳಿಚಾಲಿತ ಟಿಲ್ಟ್ ವ್ಯವಸ್ಥೆ: ಪರೀಕ್ಷಿಸಿ ಹೊಂದಿಸುವ ಕ್ರಮ

ಜೂನ್ ಹತ್ತಿರವಾದಂತೆ ಮಂಗಳೂರು, ಉಡುಪಿ, ಮಣಿಪಾಲ ಕಡೆಯ ಆಸ್ಪತ್ರೆ ಹಾಗೂ ಹೋಟೆಲ್ ಲಾಂಡ್ರಿಗಳ ಮೇಲ್ವಿಚಾರಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಒಣಗಿದ ಬಟ್ಟೆ ಇಳಿಸಲು ಡ್ರೈಯರನ್ನು ವಾಲಿಸುವಾಗ ಅದು ಮೊದಲು ಅಲುಗದೆ ನಿಂತು ಆಮೇಲೆ ಒಮ್ಮೆಲೇ ಎಗರುತ್ತದೆ, ಇಳಿಯುವಾಗ ಧೊಪ್ಪನೆ ಕೂರುತ್ತದೆ, ಕೆಲವೊಮ್ಮೆ ನಡುವೆಯೇ ನಿಂತುಬಿಡುತ್ತದೆ; ಗಾಳಿಯ ಒತ್ತಡ ಸ್ವಲ್ಪ ಏರಿಸಿದರೆ ಸರಿಹೋದೀತೇ? ಒತ್ತಡ ಏರಿಸಿದರೆ ಬಹುತೇಕ ಸಂದರ್ಭಗಳಲ್ಲಿ ತೊಂದರೆ ಅಡಗಿಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ, ಮತ್ತು ಹಾಗೆ ಅಡಗಿದ ತೊಂದರೆ ಮುಂದೊಂದು ದಿನ ಹೆಚ್ಚಿನ ಬಲದಿಂದಲೇ ಹೊರಬರುತ್ತದೆ. ಡ್ರೈಯರ್ ಎಷ್ಟು ಭಾರ ಎತ್ತಬಲ್ಲದು ಎಂಬುದನ್ನು ಒಳಬರುವ ಗಾಳಿಯ ಒತ್ತಡ ನಿರ್ಧರಿಸುತ್ತದೆ. ಅದು ಎಷ್ಟು ಮೃದುವಾಗಿ ಏಳುತ್ತದೆ, ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಹೊರಹೋಗುವ ಗಾಳಿ ನಿರ್ಧರಿಸುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ನೋಡಲು ಕಲಿತರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಹೇಳುವ ಕ್ರಮವು ಸುಮಾರು 50 ಕಿಲೋಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ, ಗ್ಯಾಸ್ ಅಥವಾ ಹಬೆಯಿಂದ ಬಿಸಿಯಾಗುವ ಡ್ರೈಯರ್‌ಗಳಿಗೆ ಅನ್ವಯಿಸುತ್ತದೆ. ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ವಾಲುವ ಯಂತ್ರಗಳ ಲೆಕ್ಕ ಬೇರೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಸ್ಪ್ರಿಂಗಿನಂತೆ ಕುಗ್ಗುತ್ತದೆ. ಮುಂದೆ ಬರುವ ಹಲವು ಎಚ್ಚರಿಕೆಗಳಿಗೆ ಕಾರಣ ಈ ಒಂದು ಗುಣವೇ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅಂಕಿಗಳಿದ್ದರೆ ಕೈಪಿಡಿಯ ಮಾತೇ ಅಂತಿಮವೆಂದು ತಿಳಿಯಿರಿ.

ಮೊದಲು ಪರಿಚಯವಿರಬೇಕಾದ ಭಾಗಗಳು

ಕಂಪ್ರೆಸರ್ ಗಾಳಿಯನ್ನು ಒತ್ತಿ ರಿಸೀವರ್ ಟ್ಯಾಂಕಿನಲ್ಲಿ ತುಂಬಿಡುತ್ತದೆ. ಅಲ್ಲಿಂದ ಪೈಪಿನಲ್ಲಿ ಬಂದ ಗಾಳಿ ಯಂತ್ರದ ಬದಿಯಲ್ಲಿರುವ ಎಫ್‌ಆರ್‌ಎಲ್ ಘಟಕದ ಮೂಲಕ ಹಾದುಹೋಗುತ್ತದೆ. ಕಸ ಮತ್ತು ನೀರಿನ ಹನಿ ಹಿಡಿಯುವ ಫಿಲ್ಟರ್, ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್, ಎಣ್ಣೆಯ ಸೂಕ್ಷ್ಮ ಹನಿಗಳನ್ನು ಬೆರೆಸುವ ಲೂಬ್ರಿಕೇಟರ್, ಈ ಮೂರರ ಜೋಡಣೆಗೆ ಆ ಹೆಸರು. ಸೊಲೆನಾಯ್ಡ್ ವಾಲ್ವ್ ಎಂದರೆ ವಿದ್ಯುತ್ ಸುರುಳಿಯ ಸಹಾಯದಿಂದ ಗಾಳಿಯ ದಾರಿ ಬದಲಿಸುವ ಕವಾಟ. ಫ್ಲೋ ಕಂಟ್ರೋಲ್ ಎಂದರೆ ಗಾಳಿಯನ್ನು ಒಂದು ದಿಕ್ಕಿನಲ್ಲಿ ಸಲೀಸಾಗಿ ಬಿಟ್ಟು ಇನ್ನೊಂದು ದಿಕ್ಕಿನಲ್ಲಿ ಮಾತ್ರ ಕಿರಿದಾದ ರಂಧ್ರದಿಂದ ಹಾಯಿಸುವ, ತಿರುಪಿನಿಂದ ಹೊಂದಿಸಬಹುದಾದ ಸಣ್ಣ ಕವಾಟ. ಪೈಲಟ್ ಚೆಕ್ ವಾಲ್ವ್ ಸಿಲಿಂಡರಿನ ಬಾಯಿಯಲ್ಲೇ ಕೂತು, ಇನ್ನೊಂದು ಸಣ್ಣ ಪೈಪಿನಿಂದ ಗಾಳಿಯ ಸಂಕೇತ ಬರುವವರೆಗೆ ಒಳಗಿನ ಗಾಳಿಯನ್ನು ಹೊರಬಿಡದೆ ಹಿಡಿದಿಡುತ್ತದೆ. ಪೆಂಡೆಂಟ್ ಎಂದರೆ ಕೇಬಲ್ಲಿನಲ್ಲಿ ತೂಗಾಡುವ ಗುಂಡಿಗಳ ಪೆಟ್ಟಿಗೆ.

ಕೆಲಸಕ್ಕೆ ಬೇಕಾದದ್ದು ಹೆಚ್ಚೇನಿಲ್ಲ: ಯಂತ್ರದ ಗಾಳಿ ಜೋಡಣೆಯ ನಕ್ಷೆ, ಸ್ಪ್ಯಾನರ್‌ಗಳು, ಸೋಪಿನ ನೊರೆ, ಪೈಪನ್ನು ನೇರವಾಗಿ ಕತ್ತರಿಸುವ ಕಟರ್, ಸೆಕೆಂಡ್ ಎಣಿಸಲು ಮೊಬೈಲ್, ಎರಡು ಬೀಗ, ತಯಾರಕರು ಕೊಟ್ಟ ಉಕ್ಕಿನ ಆಧಾರಕೋಲು, ವಿದ್ಯುತ್ ಭಾಗ ಮುಟ್ಟಬೇಕಾಗಿ ಬಂದರೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್. ಒಬ್ಬರೇ ಮಾಡುವ ಕೆಲಸ ಇದಲ್ಲ. ಗುಂಡಿಯ ಬಳಿ ಒಬ್ಬರು, ಯಂತ್ರವನ್ನು ದೂರದಿಂದ ನೋಡಲು ಇನ್ನೊಬ್ಬರು ಇರಲೇಬೇಕು.

ಹಂತ 1: ನಿಮ್ಮ ಯಂತ್ರ ಯಾವ ಬಗೆಯದೆಂದು ಗುರುತಿಸಿ

ಡ್ರೈಯರನ್ನು ಎತ್ತುವುದು ಸಿಲಿಂಡರೋ ಗಾಳಿಚೀಲವೋ ನೋಡಿ. ಬೆಂಗಳೂರಿಗೆ ಹೋಗುವ ವೋಲ್ವೋ ಬಸ್ಸಿನ ಚಕ್ರದ ಬಳಿ ಇರುವ ದಪ್ಪ ರಬ್ಬರ್ ಚೀಲದಂಥದೇ ಇಲ್ಲಿಯೂ ಇರುತ್ತದೆ. ಅದು ಮೇಲೆತ್ತಲು ಮಾತ್ರ ಬಲ್ಲದು, ಕೆಳಗಿಳಿಯುವುದು ಯಂತ್ರದ ಸ್ವಂತ ಭಾರದಿಂದ. ಎತ್ತರ ಹೆಚ್ಚಿದಂತೆ ಗಾಳಿಚೀಲದ ಬಲ ಕಡಿಮೆಯಾಗುತ್ತದೆ ಮತ್ತು ತಡೆಯಿಲ್ಲದೆ ಉಬ್ಬಿಸಿದರೆ ಅದು ಸಿಡಿಯಬಹುದು. ಆದ್ದರಿಂದ ಯಂತ್ರದಿಂದ ಬಿಚ್ಚಿದ ಗಾಳಿಚೀಲಕ್ಕೆ ‘ಸೋರುತ್ತದೆಯೇ ನೋಡೋಣ’ ಎಂದು ಗಾಳಿ ಹಿಡಿಯಬೇಡಿ. ಸಿಲಿಂಡರಿನಲ್ಲಿ ಎರಡೂ ತುದಿಗೆ ಪೈಪು ಇದ್ದರೆ ಗಾಳಿ ಎರಡೂ ದಿಕ್ಕಿನಲ್ಲಿ ತಳ್ಳುತ್ತದೆ, ಒಂದೇ ತುದಿಗೆ ಇದ್ದರೆ ಅದೂ ಗಾಳಿಚೀಲದಂತೆಯೇ ಒಮ್ಮುಖ.

ಅನಂತರ ವಾಲ್ವಿನ ಮೇಲಿರುವ ಅಂಕಿಗಳನ್ನು ಓದಿ. 1 ಎಂದರೆ ಗಾಳಿ ಒಳಬರುವ ಬಾಯಿ, 2 ಮತ್ತು 4 ಸಿಲಿಂಡರಿಗೆ ಹೋಗುವವು, 3 ಮತ್ತು 5 ಬಳಸಿದ ಗಾಳಿ ಹೊರಹೋಗುವವು. 5/2 ಎಂದು ಬರೆದಿದ್ದರೆ ಐದು ಬಾಯಿ, ಎರಡು ಸ್ಥಿತಿ. 5/3 ಎಂದರೆ ಮೂರನೆಯದೊಂದು ನಡುವಣ ಸ್ಥಿತಿಯೂ ಇದೆ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದು ಈ ಗುರುತಿನಿಂದಲೇ ತಿಳಿಯುತ್ತದೆಯಾದ್ದರಿಂದ ಇದನ್ನು ಅವಸರದಲ್ಲಿ ದಾಟಬೇಡಿ. ಒಂದೇ ಸುರುಳಿ, ಇನ್ನೊಂದು ಬದಿಗೆ ಸ್ಪ್ರಿಂಗ್ ಇರುವ 5/2 ವಾಲ್ವ್ ಕರೆಂಟು ಹೋದ ತಕ್ಷಣ ಸ್ಪ್ರಿಂಗಿನ ಬದಿಗೆ ಹೊರಳುತ್ತದೆ, ಹಾಗಾಗಿ ಎತ್ತಿ ನಿಲ್ಲಿಸಿದ ಯಂತ್ರ ಯಾರೂ ಗುಂಡಿ ಒತ್ತದೆಯೇ ಇಳಿಯಲಾರಂಭಿಸಬಹುದು. ಎರಡು ಸುರುಳಿಯ 5/2 ವಾಲ್ವ್ ಕೊನೆಯ ಸ್ಥಿತಿಯಲ್ಲೇ ಉಳಿಯುವುದರಿಂದ, ಏಳುತ್ತಿದ್ದ ಯಂತ್ರ ಟ್ಯಾಂಕಿನಲ್ಲಿ ಗಾಳಿಯಿರುವಷ್ಟು ಹೊತ್ತು ಏಳುತ್ತಲೇ ಇರುತ್ತದೆ. ನಡುವಣ ಸ್ಥಿತಿ ಮುಚ್ಚಿರುವ 5/3 ವಾಲ್ವ್ ಇದ್ದಲ್ಲೇ ನಿಲ್ಲಿಸುತ್ತದೆ, ಆದರೆ ಅದರೊಳಗಿನ ಸಣ್ಣ ಸೋರಿಕೆಯಿಂದ ಯಂತ್ರ ನಿಧಾನವಾಗಿ ಜಾರುವ ಸಾಧ್ಯತೆ ಇದ್ದೇ ಇದೆ. ಪೈಲಟ್ ಚೆಕ್ ವಾಲ್ವ್ ಬೇಕಾಗುವುದು ಇದಕ್ಕೇ. ಗುಡುಗು ಬಂದರೆ ಕರೆಂಟು ಹೋಗುವ ನಮ್ಮೂರಿನಲ್ಲಿ ಇದು ಎಂದೋ ಒಮ್ಮೆ ಎದುರಾಗುವ ಸ್ಥಿತಿಯಲ್ಲ, ಮಳೆಗಾಲದ ದಿನನಿತ್ಯದ ಸ್ಥಿತಿ.

ಹಂತ 2: ಗಾಳಿಯಲ್ಲಿರುವ ನೀರನ್ನು ತೆಗೆಯಿರಿ

ಕರಾವಳಿಯಲ್ಲಿ ಟಿಲ್ಟ್ ದೋಷಗಳೆಂದು ನಾನು ನೋಡಿರುವುದರಲ್ಲಿ ಹೆಚ್ಚಿನವು ನೀರಿನ ದೋಷಗಳು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಜಾಗ ಸುಮಾರು 30 ಗ್ರಾಂ ನೀರಾವಿಯನ್ನು ಮಾತ್ರ ಹಿಡಿಯಬಲ್ಲದು, ಅಲ್ಲಿರುವ ಗಾಳಿಯ ಒತ್ತಡ ಎಷ್ಟೇ ಇರಲಿ. ಬಾರ್ ಎಂಬುದು ಒತ್ತಡದ ಅಳತೆ, ಹೊರಗಿನ ಗಾಳಿಯ ಒತ್ತಡವೇ ಸುಮಾರು ಒಂದು ಬಾರ್; ಗೇಜ್ ತೋರಿಸುವುದು ಅದಕ್ಕಿಂತ ಹೆಚ್ಚಿನದನ್ನು ಮಾತ್ರ. ಹಾಗಾಗಿ ಗೇಜಿನಲ್ಲಿ 6 ಬಾರ್ ತೋರಿಸಬೇಕಾದರೆ ಹೊರಗಿನ ಏಳು ಘನಮೀಟರ್ ಗಾಳಿಯನ್ನು ಒಂದು ಘನಮೀಟರಿಗೆ ಒತ್ತಬೇಕು. ತೇವಾಂಶ ಶೇಕಡ 85 ಇರುವ ದಿನ ಆ ಏಳು ಘನಮೀಟರ್ ಗಾಳಿಯ ಜೊತೆ ಬರುವ ನೀರಾವಿ ಸುಮಾರು 180 ಗ್ರಾಂ. ಒತ್ತಿದ ಗಾಳಿ ತಣಿದ ಮೇಲೆ ಅದರಲ್ಲಿ ಉಳಿಯುವುದು 30 ಗ್ರಾಂ, ಮಿಕ್ಕ 150 ಗ್ರಾಂ ನೀರಾಗಿ ಎಲ್ಲಾದರೂ ಇಳಿಯಲೇಬೇಕು. ನಿಮಿಷಕ್ಕೆ 425 ಲೀಟರ್, ಅಂದರೆ 15 ಸಿಎಫ್‌ಎಂ ಗಾಳಿ ಕೊಡುವ ಕಂಪ್ರೆಸರ್ ಬಿಡುವಿಲ್ಲದೆ ಓಡಿದರೆ ಗಂಟೆಗೆ ಅರ್ಧ ಲೀಟರಿಗೂ ಮೀರಿ ನೀರು ಬರುತ್ತದೆಂದು ಇದೇ ಲೆಕ್ಕದಿಂದ ನೀವೇ ಕಂಡುಕೊಳ್ಳಬಹುದು. ಆ ನೀರು ಟ್ಯಾಂಕಿನ ತಳದಲ್ಲಿ ನಿಂತು, ತುಂಬಿದ ಮೇಲೆ ಪೈಪಿಗೆ ಹರಿದು, ವಾಲ್ವಿನೊಳಗಿನ ಗ್ರೀಸನ್ನು ತೊಳೆದು, ಸ್ಪೂಲ್ ಎಂಬ ಜಾರುವ ಕಡ್ಡಿಗೆ ತುಕ್ಕು ಹಿಡಿಸುತ್ತದೆ. ಗುಂಡಿ ಒತ್ತಿದ ಮೇಲೆ ಯಂತ್ರ ಎರಡು ಕ್ಷಣ ಯೋಚಿಸಿದಂತೆ ನಿಂತು ಆಮೇಲೆ ಎಗರುವುದು ಹೀಗೆ ಆರಂಭವಾಗುತ್ತದೆ.

ಮಾಡಬೇಕಾದದ್ದು: ಟ್ಯಾಂಕಿನ ತಳದ ಕಾಕ್ ತೆರೆದು ಮಳೆಗಾಲದಲ್ಲಿ ಪ್ರತಿ ಪಾಳಿಗೊಮ್ಮೆಯಾದರೂ ನೀರು ಬಿಡಿ, ಸಾಧ್ಯವಾದರೆ ತಾನಾಗಿ ನೀರು ಹೊರಬಿಡುವ ಡ್ರೈನ್ ಹಾಕಿಸಿ. ಫಿಲ್ಟರ್ ಹಿಡಿಯುವುದು ಹನಿಯಾದ ನೀರನ್ನು ಮಾತ್ರ, ಆವಿಯನ್ನಲ್ಲ. ಬಿಸಿಯಾಗಿ ಫಿಲ್ಟರ್ ದಾಟಿದ ಆವಿ ಮುಂದೆ ವಾಲ್ವಿನಲ್ಲಿ ತಣಿದು ನೀರಾಗುತ್ತದೆ. ಇದನ್ನು ತಡೆಯಲು ಗಾಳಿಯನ್ನು 3 ಡಿಗ್ರಿಯ ಆಸುಪಾಸಿಗೆ ತಣಿಸಿ ನೀರನ್ನು ಬೇರ್ಪಡಿಸುವ ಏರ್ ಡ್ರೈಯರ್ ಬೇಕು. ಖರ್ಚಿನ ವಸ್ತುವೇ ಸರಿ, ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಅದನ್ನು ಐಷಾರಾಮವೆಂದು ನಾನು ಒಪ್ಪಲಾರೆ. ಮುಖ್ಯ ಪೈಪು ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರಾಗಿರಲಿ, ಯಂತ್ರಕ್ಕೆ ಬರುವ ಕವಲನ್ನು ಅದರ ಮೇಲ್ಭಾಗದಿಂದ ತೆಗೆದು ಹಂಸದ ಕತ್ತಿನಂತೆ ಬಾಗಿಸಿ ಕೆಳಗಿಳಿಸಿ. ತಳದಿಂದ ಕವಲು ತೆಗೆದರೆ ಪೈಪಿನಲ್ಲಿ ಹರಿಯುವ ನೀರೆಲ್ಲ ನೇರ ಡ್ರೈಯರಿಗೇ ಬರುತ್ತದೆ. ಕಂಪ್ರೆಸರನ್ನು ಲಾಂಡ್ರಿಯ ಬಿಸಿಯಾದ, ತೇವದ, ನೂಲಿನ ಧೂಳು ತುಂಬಿದ ಕೋಣೆಯೊಳಗಿಡಬೇಡಿ. ಹೊರಗೆ, ಮಳೆನೀರು ಸಿಡಿಯದ, ಸಮುದ್ರದ ಗಾಳಿ ನೇರವಾಗಿ ಬೀಸದ ಮಾಡಿನ ಕೆಳಗಿಡಿ.

ಫಿಲ್ಟರಿನ ಪಾರದರ್ಶಕ ಬಟ್ಟಲನ್ನು ಸೀಮೆಎಣ್ಣೆ ಅಥವಾ ಥಿನ್ನರಿನಿಂದ ತೊಳೆಯುವುದು ಬಹಳ ಕಡೆ ನಡೆಯುವ ತಪ್ಪು. ಆ ಬಟ್ಟಲು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದಾಗಿದ್ದರೆ ಅಂಥ ದ್ರವ ತಾಗಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟು ಒತ್ತಡದಲ್ಲಿ ಒಡೆಯಬಹುದು. ತೆಳುವಾದ ಸೋಪಿನ ನೀರು ಸಾಕು. ಲೂಬ್ರಿಕೇಟರಿನ ವಿಷಯದಲ್ಲಿ ಒಂದು ನಿಯಮ ನೆನಪಿಡಿ: ತಯಾರಿಕೆಯಲ್ಲೇ ಗ್ರೀಸ್ ತುಂಬಿ ಬಂದ ಸಿಲಿಂಡರಿಗೆ ಎಣ್ಣೆ ಬೇಡ, ಆದರೆ ಒಮ್ಮೆ ಎಣ್ಣೆ ಕೊಡಲಾರಂಭಿಸಿದರೆ ಅದು ಮೂಲ ಗ್ರೀಸನ್ನು ತೊಳೆದುಹಾಕುವುದರಿಂದ ಮತ್ತೆ ನಿಲ್ಲಿಸುವಂತಿಲ್ಲ. ಕೊಡುವುದಾದರೆ ಐಎಸ್‌ಒ ವಿಜಿ 32 ದರ್ಜೆಯ ಟರ್ಬೈನ್ ಎಣ್ಣೆಯನ್ನೇ ಮಿತವಾಗಿ ಕೊಡಿ. ಗಾಡಿಯ ಎಂಜಿನ್ ಆಯಿಲ್ ಸೀಲುಗಳನ್ನು ಉಬ್ಬಿಸುತ್ತದೆ. ಹೆಚ್ಚಾದ ಎಣ್ಣೆ ವಾಲ್ವಿನ ಹೊರಬಾಯಿಯಿಂದ ಮಂಜಾಗಿ ಹಾರಿ ಬಿಳಿ ಬೆಡ್‌ಶೀಟಿನ ಮೇಲೆ ಕೂತರೆ ಒಗೆದದ್ದನ್ನೇ ಮತ್ತೆ ಒಗೆಯಬೇಕಾದೀತು.

ಹಂತ 3: ಬೀಗ ಹಾಕಿ, ಆಧಾರಕೋಲು ನಿಲ್ಲಿಸಿ, ಒಳಗೆ ಉಳಿದ ಗಾಳಿಯನ್ನು ಬಿಡಿ

ಯಂತ್ರದ ಕೆಳಗೆ ಕೈಹಾಕುವ ಮೊದಲು ವಿದ್ಯುತ್ ಸ್ವಿಚ್ಚಿಗೂ ಗಾಳಿಯ ಮುಖ್ಯ ಕಾಕಿಗೂ ಬೇರೆಬೇರೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಗ್ಯಾಸ್ ಅಥವಾ ಹಬೆಯ ವಾಲ್ವನ್ನೂ ಮುಚ್ಚಿ. ವಾಲಿದ ಯಂತ್ರದ ಕೆಳಗೆ ಕೆಲಸವಿದ್ದರೆ ತಯಾರಕರ ಆಧಾರಕೋಲನ್ನು ಅದರ ನಿಗದಿತ ಗೂಡಿನಲ್ಲಿ ನಿಲ್ಲಿಸಿ, ಯಂತ್ರದ ಭಾರ ಕೋಲಿನ ಮೇಲೆ ಕೂರುವವರೆಗೆ ನಿಧಾನವಾಗಿ ಇಳಿಸಿ. ಮರದ ತುಂಡು, ಕಾಂಕ್ರೀಟ್ ಬ್ಲಾಕ್, ಕಾರಿನ ಜಾಕ್ ಇವು ಯಾವುವೂ ಆಧಾರಕೋಲಿಗೆ ಬದಲಿಯಲ್ಲ. ಗಾಳಿ ತುಂಬಿದ ಸಿಲಿಂಡರನ್ನೇ ಆಧಾರವೆಂದು ನಂಬುವುದಂತೂ ಸಲ್ಲದು.

ಇಲ್ಲಿಯೇ ಅನುಭವಿಗಳೂ ಎಡವುವ ಜಾಗವಿದೆ. ಮುಖ್ಯ ಕಾಕ್ ಮುಚ್ಚಿ, ಗೇಜ್ ಸೊನ್ನೆಗೆ ಇಳಿದದ್ದನ್ನು ನೋಡಿ, ಎಲ್ಲ ಗಾಳಿ ಹೋಯಿತೆಂದು ಪೈಪು ಬಿಚ್ಚುತ್ತಾರೆ. ಪೈಲಟ್ ಚೆಕ್ ವಾಲ್ವ್ ಇರುವ ಯಂತ್ರದಲ್ಲಿ ಗೇಜ್ ಸೊನ್ನೆ ತೋರಿಸಿದರೂ ಸಿಲಿಂಡರಿನೊಳಗೆ ಪೂರ್ಣ ಒತ್ತಡದ ಗಾಳಿ ಸೆರೆಯಾಗಿ ಉಳಿದಿರುತ್ತದೆ, ಏಕೆಂದರೆ ಆ ವಾಲ್ವಿನ ಕೆಲಸವೇ ಅದನ್ನು ಹಿಡಿದಿಡುವುದು. ಯಂತ್ರ ಕೆಳಗೆ ಕೂತಿರುವಾಗ ಅಥವಾ ಭಾರವೆಲ್ಲ ಆಧಾರಕೋಲಿನ ಮೇಲಿರುವಾಗ ಮಾತ್ರ, ಚೆಕ್ ವಾಲ್ವಿನ ಮೇಲಿರುವ ಬಿಡುಗಡೆ ತಿರುಪಿನಿಂದ ಆ ಗಾಳಿಯನ್ನು ನಿಧಾನವಾಗಿ ಹೊರಬಿಟ್ಟು, ಸಿಲಿಂಡರಿನ ಎರಡೂ ಬದಿ ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಹಂತ 4: ಸೋರಿಕೆ, ಪೈಪು, ಪಿನ್ನುಗಳನ್ನು ನೋಡಿ

ಯಂತ್ರ ಕೆಳಗೆ ಕೂತಿರಲಿ, ಗಾಳಿ ತುಂಬಿರಲಿ, ವಿದ್ಯುತ್ ಬೀಗದಲ್ಲಿರಲಿ. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಕೈಬೆರಳಿನಿಂದ ಸೋರಿಕೆ ಹುಡುಕಬೇಡಿ. ಪೈಪನ್ನು ತಳ್ಳಿ ಸಿಕ್ಕಿಸುವ ಪುಶ್ ಫಿಟ್ಟಿಂಗ್ ಸೋರಿದಾಗ ಹೆಚ್ಚಾಗಿ ತಪ್ಪು ಫಿಟ್ಟಿಂಗಿನದಲ್ಲ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದ ಪೈಪಿನದು. ನೇರವಾಗಿ ಕತ್ತರಿಸಿ ಕೊನೆಯವರೆಗೆ ತಳ್ಳಿದರೆ ನಿಲ್ಲುತ್ತದೆ. ನೀಲಿಯ ಪಿಯು, ಅಂದರೆ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಪೈಪು ಸಾಮಾನ್ಯವಾಗಿ 60 ಡಿಗ್ರಿಯವರೆಗಿನ ಶಾಖಕ್ಕೆ ಮಾತ್ರ ತಕ್ಕದ್ದು, ಬರ್ನರ್ ಅಥವಾ ಹಬೆಯ ಸುರುಳಿಯ ಬಳಿ ಅದನ್ನು ಹಾಯಿಸಬೇಡಿ. ಟೆಫ್ಲಾನ್ ಟೇಪ್ ಸುತ್ತುವಾಗ ತುದಿಯ ತಿರುಪಿನ ಮೊದಲ ಸುತ್ತನ್ನು ಬಿಟ್ಟು ಸುತ್ತಿ, ಇಲ್ಲವಾದರೆ ಅದರ ಚೂರು ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಸಿಲಿಂಡರಿನ ಕ್ರೋಮ್ ಲೇಪಿತ ಕಡ್ಡಿಯನ್ನು ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಉಪ್ಪಿನ ಗಾಳಿಯಿಂದ ಬಂದ ಸಣ್ಣ ಗುಳಿಗಳು ಪ್ರತಿ ಓಟದಲ್ಲೂ ಸೀಲನ್ನು ಅರದಂತೆ ಉಜ್ಜುತ್ತವೆ. ಗುಳಿ ಉಗುರಿಗೆ ತಾಗುವಷ್ಟಾಗಿದ್ದರೆ ಸೀಲ್ ಬದಲಿಸಿ ಫಲವಿಲ್ಲ, ಕಡ್ಡಿಯೇ ಬದಲಾಗಬೇಕು. ಎರಡೂ ತುದಿಯ ಪಿನ್ನುಗಳಿಗೆ ಗ್ರೀಸ್ ಕೊಡಿ. ಪಿನ್ ಸವೆದು ಸಿಲಿಂಡರ್ ಓರೆಯಾಗಿ ತಳ್ಳುತ್ತಿದ್ದರೆ ಎಷ್ಟೇ ಹೊಂದಿಸಿದರೂ ಚಲನೆ ತಡವರಿಸುತ್ತಲೇ ಇರುತ್ತದೆ. ಗ್ಯಾಸ್ ಅಥವಾ ಹಬೆಯ ಬಳುಕುವ ಹೋಸು ಯಂತ್ರದ ಜೊತೆ ಬಾಗುವುದರಿಂದ ಅದರ ಬಾಗುವ ಜಾಗದಲ್ಲಿ ಸೀಳು, ಹೆಣಿಗೆಯ ಮುರಿದ ಎಳೆ ಇವೆಯೇ ಎಂದು ಇದೇ ಹೊತ್ತಿಗೆ ನೋಡಿಬಿಡಿ.

ಹಂತ 5: ಒತ್ತಡವನ್ನು ಲೆಕ್ಕದಿಂದ ಹೊಂದಿಸಿ

ಬಲವೆಂದರೆ ಒತ್ತಡ ಮತ್ತು ಪಿಸ್ಟನ್ ಮುಖದ ವಿಸ್ತೀರ್ಣದ ಗುಣಲಬ್ಧ. 100 ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. 4 ಬಾರ್‌ನಲ್ಲಿ ಅದು ಸುಮಾರು 320 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಕೊಡುತ್ತದೆ, 6 ಬಾರ್‌ನಲ್ಲಿ 480. ಅಂಥ ಎರಡು ಸಿಲಿಂಡರ್ ಇರುವ ಯಂತ್ರದಲ್ಲಿ ರೆಗ್ಯುಲೇಟರನ್ನು 4ರಿಂದ 6ಕ್ಕೆ ತಿರುಗಿಸಿದವರು 300 ಕಿಲೋಗ್ರಾಮಿಗೂ ಮೀರಿದ ಹೆಚ್ಚುವರಿ ಬಲವನ್ನು ಕೂಡಿಟ್ಟಂತಾಯಿತು. ಸಿಲುಕಿದ ಪಿನ್ ಅಥವಾ ಸ್ಪೂಲ್ ಬಿಟ್ಟುಕೊಂಡ ಕ್ಷಣ ಆ ಬಲವೆಲ್ಲ ಒಮ್ಮೆಗೇ ಹೊರಬರುತ್ತದೆ.

ಕೈಪಿಡಿಯಲ್ಲಿ ಹೇಳಿದ ಒತ್ತಡಕ್ಕಿಂತ ಕೆಳಗಿನಿಂದ ಆರಂಭಿಸಿ, ಖಾಲಿ ಡ್ರಮ್ಮಿನಲ್ಲಿ ಯಂತ್ರ ಏಳುವವರೆಗೆ ಕಾಲು ಬಾರ್‌ನಂತೆ ಏರಿಸಿ, ಪೂರ್ಣ ಒಣಬಟ್ಟೆಯೊಂದಿಗೆ ಇನ್ನೊಮ್ಮೆ ನೋಡಿ, ಅದಕ್ಕೆ ಮೇಲೆ ಅರ್ಧ ಬಾರ್ ಸೇರಿಸಿ ರೆಗ್ಯುಲೇಟರಿನ ಗುಬುಟನ್ನು ಬೀಗ ಸ್ಥಿತಿಗೆ ಒತ್ತಿ. ಕೈಪಿಡಿಯ ಗರಿಷ್ಠ ಮಿತಿಯನ್ನು ಮಾತ್ರ ದಾಟಬೇಡಿ. ಗೇಜ್ ಪಿಎಸ್‌ಐ ತೋರಿಸುತ್ತಿದ್ದರೆ ಒಂದು ಬಾರ್‌ಗೆ 14.5 ಪಿಎಸ್‌ಐ ಎಂದು ಹಿಡಿಯಿರಿ. ಎತ್ತುವ ಪರೀಕ್ಷೆಯನ್ನು ಒದ್ದೆ ಬಟ್ಟೆಯಿಂದ ಮಾಡುವವರಿದ್ದಾರೆ; ನೀರು ಹಿಂಡುವ ಯಂತ್ರವಾದ ಎಕ್ಸ್‌ಟ್ರಾಕ್ಟರಿನಿಂದ ಬಂದ ಹತ್ತಿಬಟ್ಟೆಯಲ್ಲಿ ಒಣತೂಕದ ಅರ್ಧದಷ್ಟು ನೀರು ಉಳಿದಿರುವುದರಿಂದ 100 ಕಿಲೋಗ್ರಾಂ ಹೊರೆ 150 ಆಗಿರುತ್ತದೆ. ಒಣಗಿಸುವುದನ್ನು ನಡುವೆ ನಿಲ್ಲಿಸಿ ಒದ್ದೆ ಹೊರೆಯನ್ನು ವಾಲಿಸುವುದಕ್ಕೆ ಯಂತ್ರದ ತಯಾರಕರು ಒಪ್ಪಿದ್ದಾರೆಯೇ ಎಂದು ಮೊದಲು ನೋಡಬೇಕು.

ಯಂತ್ರ ಏಳುತ್ತಿರುವಾಗ ಗೇಜಿನ ಮುಳ್ಳನ್ನು ಗಮನಿಸಿ. ನಿಂತಾಗ 6 ಇದ್ದದ್ದು ಏಳುವಾಗ ಒಂದು ಬಾರ್‌ಗಿಂತ ಹೆಚ್ಚು ಬಿದ್ದರೆ ಕೊರತೆ ಇರುವುದು ಒತ್ತಡದಲ್ಲಲ್ಲ, ಗಾಳಿಯ ಹರಿವಿನಲ್ಲಿ: ಫಿಲ್ಟರ್ ಕಟ್ಟಿದೆ, ಪೈಪು ಸಣ್ಣದು, ಅಥವಾ ಟ್ಯಾಂಕು ಸಾಲದು. 100 ಮಿಲಿಮೀಟರ್ ವ್ಯಾಸ, ಅರ್ಧ ಮೀಟರ್ ಓಟದ ಎರಡು ಸಿಲಿಂಡರ್ ಒಮ್ಮೆ ಚಾಚಲು 6 ಬಾರ್‌ನಲ್ಲಿ ಸುಮಾರು 55 ಲೀಟರ್ ಹೊರಗಾಳಿ ಬೇಕಾಗುತ್ತದೆ; ಅದೇ ಲೈನಿನಿಂದ ಇಸ್ತ್ರಿ ಪ್ರೆಸ್‌ಗಳೂ ಗಾಳಿ ಎಳೆಯುತ್ತಿದ್ದರೆ ಕೊರತೆ ಸಹಜ.

ಹಂತ 6: ವೇಗವನ್ನು ಹೊರಹೋಗುವ ಗಾಳಿಯಿಂದ ಹೊಂದಿಸಿ

ಎರಡು ದಿಕ್ಕಿನಲ್ಲೂ ಗಾಳಿ ಪಡೆಯುವ ಸಿಲಿಂಡರಿನಲ್ಲಿ ಏಳುವ ವೇಗವನ್ನು ಎದುರು ಬದಿಯಿಂದ ಹೊರಹೋಗುವ ಗಾಳಿಯನ್ನು ಬಿಗಿಹಿಡಿದು ನಿಯಂತ್ರಿಸಬೇಕು. ಹೀಗೆ ಮಾಡಿದಾಗ ಪಿಸ್ಟನ್ ಎರಡೂ ಕಡೆಯಿಂದ ಗಾಳಿಯ ನಡುವೆ ಹಿಡಿಯಲ್ಪಟ್ಟು ಸಮವಾಗಿ ಚಲಿಸುತ್ತದೆ. ಒಳಬರುವ ಗಾಳಿಯನ್ನು ಮಾತ್ರ ಬಿಗಿದರೆ, ಯಂತ್ರ ವಾಲುತ್ತ ಅದರ ಭಾರ ಮುಂದಕ್ಕೆ ಸರಿದಾಗ ಆ ಭಾರವೇ ಕಡ್ಡಿಯನ್ನು ಎಳೆಯಲಾರಂಭಿಸುತ್ತದೆ, ತಡೆಯಲು ಎದುರು ಬದಿಯಲ್ಲಿ ಏನೂ ಇರುವುದಿಲ್ಲ. ಫ್ಲೋ ಕಂಟ್ರೋಲನ್ನು ಹಿಂದುಮುಂದಾಗಿ ಜೋಡಿಸಿದರೂ ಇದೇ ಆಗುತ್ತದೆ. ಅದರ ಮೈಮೇಲಿನ ಬಾಣದ ಗುರುತನ್ನು ನಕ್ಷೆಯೊಂದಿಗೆ ಹೋಲಿಸಿ ನೋಡದೆ ತಿರುಪಿಗೆ ಕೈಹಾಕಬೇಡಿ. ಗಾಳಿಚೀಲ ಮತ್ತು ಒಮ್ಮುಖ ಸಿಲಿಂಡರಿನಲ್ಲಿ ಮಾತ್ರ ಎದುರು ಬದಿ ಎಂಬುದೇ ಇಲ್ಲದ್ದರಿಂದ ಏಳುವುದನ್ನು ಒಳಬರುವ ಗಾಳಿಯಿಂದ, ಇಳಿಯುವುದನ್ನು ಹೊರಹೋಗುವ ಗಾಳಿಯಿಂದ ಹೊಂದಿಸಬೇಕಾಗುತ್ತದೆ.

ಕ್ರಮ ಹೀಗಿರಲಿ. ತಿರುಪುಗಳನ್ನು ಪೂರ್ತಿ ಮುಚ್ಚಿ ಅರ್ಧ ಸುತ್ತು ತೆರೆಯಿರಿ. ಖಾಲಿ ಡ್ರಮ್ಮಿನಿಂದ ಆರಂಭಿಸಿ ಕಾಲು ಸುತ್ತಿನಂತೆ ತೆರೆಯುತ್ತ ಸಮಯ ನೋಡಿ. ತಯಾರಕರು ಸಮಯ ಹೇಳದಿದ್ದಲ್ಲಿ ಏಳಲು 12ರಿಂದ 15 ಸೆಕೆಂಡ್, ಇಳಿಯಲು 15ರಿಂದ 20 ಸೆಕೆಂಡ್ ಇಟ್ಟುಕೊಳ್ಳುವುದು ನನ್ನ ರೂಢಿ. ಇಳಿಯುವುದು ಯಾವಾಗಲೂ ಏಳುವುದಕ್ಕಿಂತ ನಿಧಾನವಾಗಿರಬೇಕು, ಏಕೆಂದರೆ ಕಾಲು ಸಿಕ್ಕಿಹಾಕಿಕೊಳ್ಳುವುದು ಇಳಿಯುವಾಗಲೇ. ಎರಡು ಸಿಲಿಂಡರ್ ಇದ್ದರೆ ಎರಡನ್ನೂ ಸಮವಾಗಿ ತಿರುಗಿಸಿ, ಇಲ್ಲವಾದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಹೊಂದಿದ ಮೇಲೆ ನಟ್ ಬಿಗಿದು ಬಣ್ಣದ ಗೀಟು ಹಾಕಿಬಿಡಿ. ಮರುದಿನ ರಾತ್ರಿಪಾಳಿಯವರು ತಿರುಗಿಸಿದ್ದರೆ ಗೊತ್ತಾಗಬೇಕು.

ರಿಪೇರಿಯ ಅನಂತರದ ಮೊದಲ ಓಟ ಎಲ್ಲಕ್ಕಿಂತ ಅಪಾಯಕಾರಿ. ಸಿಲಿಂಡರಿನ ಎರಡೂ ಬದಿ ಖಾಲಿಯಾಗಿರುವಾಗ ಹೊರಹೋಗಲು ಗಾಳಿಯೇ ಇಲ್ಲ, ಹಾಗಾಗಿ ನೀವು ಎಷ್ಟೇ ಚೆನ್ನಾಗಿ ಹೊಂದಿಸಿದ ಫ್ಲೋ ಕಂಟ್ರೋಲಿಗೂ ಹಿಡಿಯಲು ಏನೂ ಸಿಗದೆ ಪಿಸ್ಟನ್ ಒಮ್ಮೆಲೇ ಚಿಮ್ಮುತ್ತದೆ. ಗಾಳಿಯನ್ನು ನಿಧಾನವಾಗಿ ತುಂಬುವ ಸಾಫ್ಟ್ ಸ್ಟಾರ್ಟ್ ವಾಲ್ವ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಳಿಸುವ ಸ್ಥಿತಿಯಲ್ಲೇ ವಾಲ್ವನ್ನು ಇರಿಸಿ ಮುಖ್ಯ ಕಾಕನ್ನು ಸ್ವಲ್ಪಸ್ವಲ್ಪವಾಗಿ ತೆರೆಯುತ್ತ ಆ ಬದಿಗೆ ಗಾಳಿ ತುಂಬಿಸಿಕೊಂಡು, ಎಲ್ಲರನ್ನೂ ದೂರ ನಿಲ್ಲಿಸಿ, ಆಮೇಲೆ ಎತ್ತಿ.

ಹಂತ 7: ಇಂಟರ್‌ಲಾಕ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ

ಇಂಟರ್‌ಲಾಕ್ ಎಂದರೆ ಒಂದು ಷರತ್ತು ಪೂರೈಸದೆ ಮುಂದಿನ ಕ್ರಿಯೆ ನಡೆಯಗೊಡದ ತಡೆ. ಡ್ರಮ್ ಒಣಗಿಸುವ ವೇಗದಲ್ಲಿ ತಿರುಗುತ್ತಿರುವಾಗ, ಬರ್ನರ್ ಉರಿಯುತ್ತಿರುವಾಗ, ತಣಿಸುವ ಅವಧಿ ಮುಗಿಯದಿದ್ದಾಗ, ಗಾಳಿಯ ಒತ್ತಡ ಕಡಿಮೆಯಿರುವಾಗ ಟಿಲ್ಟ್ ಗುಂಡಿ ಕೆಲಸ ಮಾಡಬಾರದು. ಗುಂಡಿ ಒತ್ತಿಹಿಡಿದಷ್ಟು ಹೊತ್ತು ಮಾತ್ರ ಚಲನೆ ಇರಬೇಕು, ಬೆರಳು ತೆಗೆದೊಡನೆ ನಿಲ್ಲಬೇಕು. ಯಂತ್ರ ತನ್ನ ಪೀಠದಲ್ಲಿ ಪೂರ್ತಿ ಕೂತಿದೆಯೆಂದು ಪ್ರಾಕ್ಸಿಮಿಟಿ ಸೆನ್ಸರ್, ಅಂದರೆ ಮುಟ್ಟದೆಯೇ ಸಾಮೀಪ್ಯ ಗುರುತಿಸುವ ಸಾಧನ, ಹೇಳುವವರೆಗೆ ಬರ್ನರ್ ಹೊತ್ತಬಾರದು, ಏಕೆಂದರೆ ಪೀಠ ಸೇರದ ಯಂತ್ರದ ಹೊಗೆನಾಳದ ಕೂಡುಬಾಯಿ ತೆರೆದೇ ಇದ್ದು ಬಿಸಿಗಾಳಿಯೂ ನೂಲಿನ ಧೂಳೂ ಕೋಣೆಗೆ ನುಗ್ಗುತ್ತವೆ. ಕೈಗಾರಿಕಾ ಲಾಂಡ್ರಿ ಯಂತ್ರಗಳ ಸುರಕ್ಷತೆಗೆ ಐಎಸ್‌ಒ 10472 ಎಂಬ ಮಾನದಂಡವಿದ್ದು, ಅದರ ನಾಲ್ಕನೆಯ ಭಾಗ ಡ್ರೈಯರ್‌ಗಳಿಗೆ ಸಂಬಂಧಿಸಿದೆ. ಗಾಳಿಚಾಲಿತ ವ್ಯವಸ್ಥೆಗಳಿಗೆ ಐಎಸ್‌ಒ 4414 ಇದೆ. ಹೊಸ ಯಂತ್ರ ಕೊಳ್ಳುವಾಗ ಇವೆರಡನ್ನೂ ಕೇಳಿ ತಿಳಿಯಿರಿ.

ಸೊಲೆನಾಯ್ಡ್ ವಾಲ್ವಿನ ಮೈಮೇಲೆ ಸಣ್ಣದೊಂದು ಒತ್ತುಗುಂಡಿ ಇರುತ್ತದೆ, ವಿದ್ಯುತ್ತಿಲ್ಲದೆ ಕೈಯಿಂದ ವಾಲ್ವ್ ಹೊರಳಿಸಲು. ಸ್ಕ್ರೂಡ್ರೈವರಿನಿಂದ ಅದನ್ನು ಒತ್ತಿದರೆ ಮೇಲೆ ಹೇಳಿದ ತಡೆಗಳೆಲ್ಲ ಒಟ್ಟಿಗೆ ನಿಷ್ಪ್ರಯೋಜಕವಾಗುತ್ತವೆ. ನಾನು ನೋಡಿದ ಒಂದು ಘಟಕದಲ್ಲಿ ಸೆನ್ಸರ್ ಕೆಟ್ಟು ಮೂರು ವಾರ ಅದೇ ಸ್ಕ್ರೂಡ್ರೈವರಿನಿಂದ ಕೆಲಸ ಸಾಗಿಸಿ, ಕೊನೆಗೆ ಮುಚ್ಚಿದ ಬಾಗಿಲಿನೊಂದಿಗೇ ಯಂತ್ರ ವಾಲಿ ಬಾಗಿಲಿನ ಕೀಲು ಮುರಿದಿತ್ತು. ವಾಲ್ವ್ ಪೆಟ್ಟಿಗೆಗೆ ಬೀಗ ಹಾಕಿಡಿ.

ಹಂತ 8: ಕರೆಂಟು ತೆಗೆದು ನೋಡಿ

ಖಾಲಿ ಯಂತ್ರವನ್ನು ಅರ್ಧ ಎತ್ತಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮುಖ್ಯ ಸ್ವಿಚ್ ಆರಿಸಿ. ಯಂತ್ರ ನಿಂತಲ್ಲೇ ಇರಬೇಕು, ಅಥವಾ ವಿನ್ಯಾಸವೇ ಹಾಗಿದ್ದರೆ ಮೃದುವಾಗಿ ಇಳಿಯಬೇಕು. ಯಾವುದಾಗಬೇಕೆಂದು ಮೊದಲ ಹಂತದಲ್ಲಿ ವಾಲ್ವ್ ನೋಡಿದಾಗಲೇ ನಿಮಗೆ ತಿಳಿದಿರುತ್ತದೆ. ನಿಂತಿದ್ದರೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕರೆಂಟು ಬಂದಾಗ ಯಂತ್ರ ತಾನಾಗಿ ಚಲಿಸಿದರೆ ಅದನ್ನು ಬಳಕೆಯಿಂದ ತೆಗೆದಿಟ್ಟು ನಿಯಂತ್ರಣ ಪೆಟ್ಟಿಗೆಯ ಜೋಡಣೆ ಸರಿಪಡಿಸಿಸಿ. ಇದೇ ಪರೀಕ್ಷೆಯನ್ನು ಗಾಳಿಯ ಕಾಕ್ ಮುಚ್ಚಿಯೂ, ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿಯೂ ಮಾಡಿ.

ಗುಂಡಿ ಹಿಡಿಯುವವರಿಗೆ ತಿಳಿಸಬೇಕಾದದ್ದು

ನಮ್ಮ ಲಾಂಡ್ರಿಗಳಲ್ಲಿ ತುಳು, ಕನ್ನಡ, ಹಿಂದಿ ಮೂರೂ ನಡೆಯುತ್ತವೆ. ‘ಉಂತುಲೆ’, ‘ನಿಲ್ಲಿ’, ‘ರುಕೋ’ ಇವುಗಳಲ್ಲಿ ಯಾವುದನ್ನು ಕೂಗಿದರೂ ಗುಂಡಿಯಿಂದ ಬೆರಳು ತೆಗೆಯಬೇಕೆಂದು ಮೊದಲೇ ಒಪ್ಪಿಕೊಂಡಿರಿ, ಎಚ್ಚರಿಕೆಯ ಫಲಕವನ್ನು ಅಲ್ಲಿ ದುಡಿಯುವವರು ಓದಬಲ್ಲ ಲಿಪಿಯಲ್ಲಿ ಬರೆಸಿ. ನೆಲದ ಮೇಲೆ ಯಂತ್ರ ವಾಲುವ ಜಾಗಕ್ಕೆ ಹಳದಿ ಗೀಟು ಎಳೆದು, ಬಟ್ಟೆಯ ಟ್ರಾಲಿಯನ್ನು ಯಂತ್ರ ಪೂರ್ತಿ ವಾಲಿ ನಿಂತ ಮೇಲೆಯೇ ಗೀಟಿನೊಳಗೆ ತರುವ ಅಭ್ಯಾಸ ಮಾಡಿಸಿ. ಡ್ರಮ್ಮಿನಲ್ಲಿ ಸಿಕ್ಕಿಕೊಂಡ ಬೆಡ್‌ಶೀಟನ್ನು ಎಳೆಯಲು ಒಳಗೆ ಬಾಗುವುದು, ಹತ್ತುವುದು ಸಂಪೂರ್ಣ ನಿಷಿದ್ಧ. 2007ರಲ್ಲಿ ಅಮೆರಿಕದ ತುಲ್ಸಾ ನಗರದ ಒಂದು ಲಾಂಡ್ರಿಯಲ್ಲಿ ಕನ್ವೇಯರಿನ ಮೇಲೆ ಸಿಕ್ಕಿಕೊಂಡಿದ್ದ ಬಟ್ಟೆ ಬಿಡಿಸಲು ಹೋದ ಕಾರ್ಮಿಕರೊಬ್ಬರು ಡ್ರೈಯರಿನೊಳಗೆ ಬಿದ್ದು ಮೃತಪಟ್ಟರು. ವಿದ್ಯುತ್ತಿಗೆ ಬೀಗ ಹಾಕುವ ಕ್ರಮ ಅಲ್ಲಿ ಪಾಲನೆಯಾಗಿರಲಿಲ್ಲ.

ಇಳಿಸುವ ಮೊದಲು ಚೌಕಟ್ಟಿನ ಕೆಳಗೆ ಬಗ್ಗಿ ನೋಡುವುದನ್ನೂ ಕಲಿಸಿ. ಬಿದ್ದ ಒಂದು ಟವೆಲ್ ಪೀಠದ ನಡುವೆ ಸಿಕ್ಕಿ ಸೆನ್ಸರ್ ಹೊತ್ತದೆ, ಬರ್ನರ್ ಉರಿಯದೆ, ಅರ್ಧ ದಿನ ತಂತ್ರಜ್ಞರಿಗಾಗಿ ಕಾದವರು ಕಡಿಮೆಯಿಲ್ಲ.

ಮತ್ತೆ ತೊಂದರೆ ಬಂದರೆ ಎಲ್ಲಿ ನೋಡಬೇಕು

ಗುಂಡಿ ಒತ್ತಿದರೆ ಏನೂ ಆಗದಿದ್ದಲ್ಲಿ ಮೊದಲು ವಾಲ್ವಿನ ಪ್ಲಗ್ಗಿನ ಸಣ್ಣ ದೀಪ ನೋಡಿ. ದೀಪ ಹೊತ್ತಿಯೂ ಟಕ್ ಶಬ್ದ ಬರದಿದ್ದರೆ ಸುರುಳಿ ಸುಟ್ಟಿರಬಹುದು ಅಥವಾ ಸ್ಪೂಲ್ ಸಿಲುಕಿರಬಹುದು, ದೀಪವೇ ಹೊತ್ತದಿದ್ದರೆ ಯಾವುದೋ ಇಂಟರ್‌ಲಾಕ್ ತಡೆದಿದೆ. ದಿನದಿಂದ ದಿನಕ್ಕೆ ಚಲನೆ ನಿಧಾನವಾಗುತ್ತಿದ್ದರೆ ತಿರುಪನ್ನು ತೆರೆಯುವ ಮೊದಲು 3 ಮತ್ತು 5ನೆಯ ಬಾಯಿಯಲ್ಲಿರುವ ಕಂಚಿನ ಸೈಲೆನ್ಸರ್ ಬಿಚ್ಚಿ ನೋಡಿ. ಲಾಂಡ್ರಿಯ ನೂಲಿನ ಧೂಳು ಎಣ್ಣೆಯೊಂದಿಗೆ ಸೇರಿ ಅದನ್ನು ರೊಟ್ಟಿಯಂತೆ ಮುಚ್ಚಿರುತ್ತದೆ. ಅದು ಮುಚ್ಚಿದ್ದಾಗ ತಿರುಪು ತೆರೆದುಕೊಂಡು, ಆಮೇಲೆ ಎಂದೋ ಸೈಲೆನ್ಸರ್ ಬದಲಿಸಿದ ದಿನ ಯಂತ್ರ ಧೊಪ್ಪನೆ ಬೀಳುವುದನ್ನು ಕಂಡು ಜನ ಹೊಸ ಸೈಲೆನ್ಸರನ್ನೇ ದೂರುತ್ತಾರೆ.

ಎತ್ತಿ ನಿಲ್ಲಿಸಿದ ಯಂತ್ರ ತಾನಾಗಿ ಇಳಿಯುತ್ತಿದ್ದರೆ ಸಿಲಿಂಡರಿನ ಪಿಸ್ಟನ್ ಸೀಲ್ ಅಥವಾ ಚೆಕ್ ವಾಲ್ವ್ ಸೋರುತ್ತಿದೆ. ಯಂತ್ರವನ್ನು ಆಧಾರಕೋಲಿನ ಮೇಲೆ ಕೂರಿಸಿ, ವಾಲ್ವ್ ಎತ್ತುವ ಸ್ಥಿತಿಯಲ್ಲಿ ಗಾಳಿ ಹಿಡಿದಿರುವಾಗ ಹೊರಬಾಯಿಯಿಂದ ಗಾಳಿ ಸತತವಾಗಿ ಬರುತ್ತಿದ್ದರೆ ಸೋರಿಕೆ ಪಿಸ್ಟನ್ ಸೀಲಿನಲ್ಲೋ ವಾಲ್ವಿನೊಳಗೋ ಇದೆ. ಬಾರದಿದ್ದರೆ ಚೆಕ್ ವಾಲ್ವ್ ಮತ್ತು ಅದರ ಜೋಡಣೆಗಳನ್ನು ನೊರೆಯಿಂದ ನೋಡಿ. ಸೀಲ್ ಬದಲಿಸುವುದಾದರೆ ಎರಡೂ ಸಿಲಿಂಡರಿನದನ್ನು ಒಟ್ಟಿಗೆ ಬದಲಿಸಿ, ಆ ದಿನದ ಒತ್ತಡ, ಏಳುವ ಮತ್ತು ಇಳಿಯುವ ಸೆಕೆಂಡುಗಳನ್ನು ಯಂತ್ರದ ಬಾಗಿಲಿಗೆ ಅಂಟಿಸಿದ ಕಾರ್ಡಿನಲ್ಲಿ ಬರೆಯಿರಿ. ಮುಂದಿನ ಸಲ ಯಾರಾದರೂ ‘ಮೊದಲು ಹೀಗಿರಲಿಲ್ಲ’ ಎಂದಾಗ ಮೊದಲು ಹೇಗಿತ್ತೆಂದು ಅದರಲ್ಲೇ ನೋಡಬಹುದು.